ಹೊಲದಿಂದ ಪೇಟೆಯವರೆಗಿನ ದಾರಿ

ಬೆಳೆ ತೆಗೆಯುವುದು ಒಂದು ವಿದ್ಯೆ. ಬೆಳೆದುದನ್ನು ಕೆಡದಂತೆ, ಸೋರದಂತೆ, ಸಕಾಲದಲ್ಲಿ ಕೊಳ್ಳುವವನ ಬಾಗಿಲಿಗೆ ಮುಟ್ಟಿಸುವುದು ಇನ್ನೊಂದು ವಿದ್ಯೆ. ಮೊದಲನೆಯ ವಿದ್ಯೆಯನ್ನು ನಮ್ಮ ಹಿರಿಯರು ತಲೆತಲಾಂತರದಿಂದ ಕಲಿತು ಕಲಿಸಿದ್ದಾರೆ. ರೋಹಿಣಿ ಮಳೆ ಬಿದ್ದರೆ ಹೆಸರು ಬಿತ್ತಬೇಕು, ಹಿಂಗಾರಿಗೆ ಬಿಳಿಜೋಳ ಬಿತ್ತಬೇಕು ಎಂಬುದನ್ನು ನಮ್ಮ ಕಡೆಯ ಎರೆಭೂಮಿಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಎರಡನೆಯ ವಿದ್ಯೆಯನ್ನು ನಾವು ಬಹುಕಾಲದಿಂದ ಪರರಿಗೆ ಒಪ್ಪಿಸಿ ಕುಳಿತಿದ್ದೇವೆ. ಮಾಲು ಹೊಲದ ಬದು ದಾಟಿತೆಂದರೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯುವ ರೂಢಿ ನಮ್ಮಲ್ಲಿ ಬೇರುಬಿಟ್ಟಿದೆ. ನಿಜವಾಗಿ ನೋಡಿದರೆ ರೈತನ ಮನೆಯ ಏಳುಬೀಳುಗಳು ಬಹುಮಟ್ಟಿಗೆ ನಿರ್ಧಾರವಾಗುವುದು ಬದು ದಾಟಿದ ಮೇಲೆಯೇ.

ಗದಗ ಜಿಲ್ಲೆಯ ರೋಣ ತಾಲೂಕಿನ ಒಂದು ಒಕ್ಕಲು ಮನೆತನಕ್ಕೆ ನಾನು ಸೊಸೆಯಾಗಿ ಬಂದು ಮೂವತ್ತೆಂಟು ವರ್ಷಗಳು ಕಳೆದವು. ನನ್ನ ತವರಿನಲ್ಲಿ ಅಂಗಡಿ ವ್ಯಾಪಾರವಿತ್ತು. ಹೀಗಾಗಿ ಲೆಕ್ಕ ಬರೆಯುವುದು ನನಗೆ ಚಿಕ್ಕಂದಿನಿಂದ ರೂಢಿಯಾಗಿತ್ತು. ಇದನ್ನು ಕಂಡ ನಮ್ಮ ಮಾವನವರು ನಾನು ಬಂದ ಮೂರನೆಯ ವರ್ಷವೇ ಕೆಂಪು ಬಟ್ಟೆಯ ಹೊದಿಕೆಯ ಲೆಕ್ಕದ ಪುಸ್ತಕವನ್ನು ನನ್ನ ಕೈಗಿತ್ತು, “ಇನ್ನು ಮ್ಯಾಲೆ ಇದು ನಿಂದವ್ವಾ. ಬಂದದ್ದೂ ಬರಿ, ಹೋದದ್ದೂ ಬರಿ. ಹೋದದ್ದನ್ನ ಮೊದಲ ಬರಿ” ಎಂದಿದ್ದರು. ಆ ಮಾತಿನ ಅರ್ಥ ಆಗ ನನಗೆ ಪೂರ್ಣವಾಗಿ ಹೊಳೆದಿರಲಿಲ್ಲ. ವರ್ಷದಿಂದ ವರ್ಷಕ್ಕೆ ಪುಟಗಳು ತುಂಬುತ್ತ ಬಂದಂತೆ, ಹೋದುದರಲ್ಲಿ ಬೀಜ ಗೊಬ್ಬರಗಳಿಗೆ ಹೋದುದೆಷ್ಟು, ಬರಿಯ ದಾರಿಯಲ್ಲಿ ಹೋದುದೆಷ್ಟು ಎಂಬ ಭೇದ ಕಣ್ಣಿಗೆ ಕಾಣತೊಡಗಿತು. ಈ ಲೇಖನದಲ್ಲಿ ಓದುಗ ಬಂಧುಗಳ ಮುಂದಿಡಬಯಸುವುದು ಈ ‘ದಾರಿಯ ಲೆಕ್ಕ’ವನ್ನೇ.

ನಮ್ಮ ಮುಖ್ಯ ನಗದು ಬೆಳೆ ಉಳ್ಳಾಗಡ್ಡಿ. ಗದಗ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮಳೆಯಾಶ್ರಿತ ಹೊಲಗಳಲ್ಲಿ ಮುಂಗಾರಿಗೆ ಬಿತ್ತಿದ ಉಳ್ಳಾಗಡ್ಡಿ ದಸರೆ ದೀಪಾವಳಿಗಳ ಆಸುಪಾಸಿನಲ್ಲಿ ಕೀಳಲು ಬರುತ್ತದೆ. ಬಹುಪಾಲು ಹೊಲಗಳ ಮಾಲು ಒಂದೆರಡು ತಿಂಗಳುಗಳಲ್ಲೇ ಪೇಟೆಗೆ ನುಗ್ಗುತ್ತದೆ. ಮುಂಗಾರಿ ಗಡ್ಡೆಯಲ್ಲಿ ನೀರಿನಂಶ ಹೆಚ್ಚು. ಬೇಸಿಗೆಯಲ್ಲಿ ಕಿತ್ತ ಗಡ್ಡೆಯಂತೆ ಅದು ತಿಂಗಳುಗಟ್ಟಲೆ ತಾಳುವುದಿಲ್ಲ. ಕೀಳುವ ಹೊತ್ತಿಗೆ ಮಳೆ ಹಿಡಿದರಂತೂ ಮೊಳಕೆಯೊಡೆಯುವುದು, ಕೊಳೆಯುವುದು ತಪ್ಪಿದ್ದಲ್ಲ. ಒಂದು ಕಡೆ ಮಾಲು ಕಾಯುವುದಿಲ್ಲ, ಇನ್ನೊಂದು ಕಡೆ ಸಾಲ ಕಾಯುವುದಿಲ್ಲ. ಈ ಎರಡರ ನಡುವೆ ಸಿಕ್ಕ ರೈತ ಸಿಕ್ಕ ಲಾರಿಗೆ ಹೇರಿ, ಹೇಳಿದ ಬಾಡಿಗೆ ಕೊಟ್ಟು, ಕೂಗಿದ ಬೆಲೆಗೆ ಒಪ್ಪಿಬರುತ್ತಾನೆ.

2018ರ ದೀಪಾವಳಿಯ ನಂತರದ ಒಂದು ಪುಟವನ್ನು ನಮ್ಮ ಲೆಕ್ಕದ ಪುಸ್ತಕದಿಂದ ಇಲ್ಲಿ ಎತ್ತಿ ಕೊಡುತ್ತೇನೆ. ಆ ಸಲ ನಾವು ಬೆಂಗಳೂರಿಗೆ ಕಳಿಸಿದುದು ಐವತ್ತು ಕಿಲೋ ತೂಕದ 60 ಚೀಲ, ಅಂದರೆ 30 ಕ್ವಿಂಟಲ್. ಕ್ವಿಂಟಲಿಗೆ 900 ರೂಪಾಯಿಯಂತೆ ಬಂದುದು 27,000 ರೂಪಾಯಿ. ಇನ್ನು ಹೋದುದು: ಖಾಲಿ ಚೀಲಗಳಿಗೆ 1,800, ತಪ್ಪಲು ಕೊಯ್ದು ಚೀಲ ತುಂಬಿದ ಕೂಲಿ 2,400, ಹೊಲದಿಂದ ಡಾಂಬರು ರಸ್ತೆಯವರೆಗೆ ಟ್ರ್ಯಾಕ್ಟರಿಗೆ 1,500, ಲಾರಿ ಬಾಡಿಗೆ ಚೀಲಕ್ಕೆ 90ರಂತೆ 5,400, ಎರಡೂ ಕಡೆಯ ಹಮಾಲಿ 720, ದಲಾಲಿಯೆಂದು ಹಿಡಿದುಕೊಂಡುದು 1,350. ಕೂಡಿದರೆ 13,170. ಕೈಗೆ ಬಂದುದು 13,830 ರೂಪಾಯಿ. ಬೀಜ, ಗೊಬ್ಬರ, ಕಳೆ ತೆಗೆಸಿದ ಖರ್ಚು, ನಮ್ಮ ಮನೆಮಂದಿಯ ದುಡಿಮೆ ಇವೆಲ್ಲವೂ ಈ ಹಣದಲ್ಲಿಯೇ ತೀರಬೇಕು. ರೈತನಿಂದ ದಲಾಲಿ ಹಿಡಿಯಕೂಡದು, ಅದನ್ನು ಕೊಳ್ಳುವವನೇ ಕೊಡಬೇಕು ಎಂಬುದು ನಮ್ಮ ರಾಜ್ಯದ ಮಾರುಕಟ್ಟೆ ಕಾನೂನಿನಲ್ಲಿದೆ. ಕಾನೂನು ಪುಸ್ತಕದಲ್ಲಿದ್ದರೆ ದಲಾಲಿ ಬೇರೊಂದು ಹೆಸರಿನಿಂದ ಪಟ್ಟಿಯಲ್ಲಿತ್ತು.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಬೆಲೆ 900ರಿಂದ 450ಕ್ಕೆ ಇಳಿಯಿತೆಂದುಕೊಳ್ಳಿ. ಬೆಲೆ ಅರ್ಧವಾದರೆ ಆದಾಯವೂ ಅರ್ಧವಾದೀತು ಎಂದು ಯಾರಾದರೂ ಭಾವಿಸಬಹುದು. ಆದರೆ ಚೀಲದ ಬೆಲೆ ಅರ್ಧವಾಗುವುದಿಲ್ಲ, ಲಾರಿಯ ಬಾಡಿಗೆ ಅರ್ಧವಾಗುವುದಿಲ್ಲ, ಹಮಾಲರ ಕೂಲಿಯೂ ಅರ್ಧವಾಗುವುದಿಲ್ಲ. ದಲಾಲಿ ಮಾತ್ರ ಅರ್ಧವಾಗುತ್ತದೆ. ಬಂದುದು 13,500, ಹೋದುದು 12,495; ಉಳಿದುದು 1,005 ರೂಪಾಯಿ! ಬೆಲೆ ಎರಡು ಪಾಲಿನಲ್ಲಿ ಒಂದು ಪಾಲಾದರೆ ಉಳಿಕೆ ಹದಿನಾಲ್ಕು ಪಾಲಿನಲ್ಲಿ ಒಂದು ಪಾಲಾಗುತ್ತದೆ. ಬೆಲೆ ಕುಸಿದಾಗ ರೈತ ಮಾತ್ರ ಏಕೆ ನೆಲಕಚ್ಚುತ್ತಾನೆ, ಉಳಿದವರೆಲ್ಲ ಹೇಗೆ ನಿಂತಿರುತ್ತಾರೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಉತ್ತರ ನನಗೆ ತೋರದು. 2022ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ರೈತರೊಬ್ಬರು ನಾಲ್ಕು ನೂರು ಕಿಲೋಮೀಟರಿಗೂ ದೂರದ ಯಶವಂತಪುರ ಪೇಟೆಗೆ ಉಳ್ಳಾಗಡ್ಡಿ ಒಯ್ದುದು ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಅವರ ಮಾಲು 205 ಕಿಲೋ. ಬೆಲೆ ಕ್ವಿಂಟಲಿಗೆ 200 ರೂಪಾಯಿ. ಬಾಡಿಗೆ ಮತ್ತು ಹಮಾಲಿ ಕಳೆದು ಅವರ ಕೈಗೆ ಬಂದುದು 8 ರೂಪಾಯಿ 36 ಪೈಸೆ. ಓದಿದವರು ಅಯ್ಯೋ ಎಂದರು, ಕೆಲವರು ನಕ್ಕರು. ನನಗೆ ಮಾತ್ರ ಅದು ನಮ್ಮ ಪುಸ್ತಕದ ಒಂದು ಪುಟದಂತೆಯೇ ಕಂಡಿತು.

2018ರ ಆ ಹೇರಿನ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಪಟ್ಟಿಯಲ್ಲಿ ಕಾಣದ ನಷ್ಟವೂ ಒಂದಿತ್ತು. ಲಾರಿ ತುಂಬುವವರೆಗೆ ಹೊರಡಲಾಗದೆಂದು ಲಾರಿಯವರು ಹೇಳಿದುದರಿಂದ ನಮ್ಮ ಚೀಲಗಳು ರಸ್ತೆಯ ಪಕ್ಕದಲ್ಲಿ ತಾಡಪತ್ರಿಯ ಕೆಳಗೆ ಎರಡು ದಿನ ಕುಳಿತವು. ಎರಡನೆಯ ರಾತ್ರಿ ಅಕಾಲದ ಮಳೆ ಬಿದ್ದಿತು. ಹೊರಟ ಲಾರಿ ನಡುದಾರಿಯಲ್ಲಿ ಕೆಟ್ಟು ನಿಂತು ಒಂದು ದಿನ ಹೋಯಿತು. ಪೇಟೆ ಸೇರಿ ಚೀಲ ಬಿಚ್ಚಿದಾಗ ಗಡ್ಡೆಗಳು ಬೆವತು ಮುಗ್ಗಲು ವಾಸನೆ ಹೊಡೆಯುತ್ತಿದ್ದವಂತೆ. ಹೊಲದಲ್ಲಿ 1,200ಕ್ಕೆ ಕಡಿಮೆಯಿಲ್ಲವೆಂದು ನಾವು ಅಂದಾಜು ಮಾಡಿದ್ದ ಮಾಲು 900ಕ್ಕೆ ಇಳಿದುದು ಹೀಗೆ. ಆ ವರ್ಷ ಮಗಳನ್ನು ನರ್ಸಿಂಗ್ ಕಾಲೇಜಿಗೆ ಸೇರಿಸಿದ್ದೆವು. ಎರಡನೆಯ ಕಂತಿನ ಶುಲ್ಕಕ್ಕೆ ನನ್ನ ಪಾಟ್ಲಿಗಳು ಬ್ಯಾಂಕಿನಲ್ಲಿ ಅಡವು ಬಿದ್ದವು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಒಕ್ಕಲು ಮನೆಯ ಬಂಗಾರ ಇರುವುದೇ ಅಂಥ ಕಾಲಕ್ಕೆ. ಆದರೆ ದೊಡ್ಡ ಮಗ ಅಂದು ರಾತ್ರಿ ಊಟದ ತಟ್ಟೆಯ ಮುಂದೆ ಕುಳಿತು ಆಡಿದ ಮಾತು ನಮ್ಮೆಲ್ಲರ ಎದೆಗೆ ನಾಟಿತು.

“ಅವ್ವಾ, ಈ ಹೊಲಾ ಲಾವಣಿಗೆ ಹಾಕಿಬಿಡೋಣು. ನಾವು ದುಡಿಯೂದು ನಮಗಲ್ಲ, ಲಾರಿಗೆ. ನಾ ಬೆಂಗಳೂರಿಗೆ ಹೋಗಿ ಯಾವುದರ ಕಂಪನ್ಯಾಗ ಸೇರತೀನಿ.”

ನಮ್ಮ ಮನೆಯವರು ತಲೆ ಎತ್ತಲಿಲ್ಲ. ಅತ್ತೆಯವರು ಆಗ ಇನ್ನೂ ಇದ್ದರು; ಅವರೂ ಸುಮ್ಮನಾದರು. ನಾನು, “ಲಾವಣಿ ಹಾಕೂದು ಇದ್ದದ್ದ ಐತಿ. ಮೊದಲ ಲೆಕ್ಕಾ ಪೂರಾ ನೋಡೋಣ ತಡಿಯಪ್ಪಾ” ಎಂದೆ. ಮರುದಿನ ತಾಯಿ ಮಗ ಇಬ್ಬರೂ ಹತ್ತು ವರ್ಷಗಳ ಪುಟಗಳನ್ನು ಹರಡಿಕೊಂಡು ಕುಳಿತೆವು. ಬೆಲೆಯನ್ನು ಏರಿಸುವುದು ನಮ್ಮ ಕೈಯಲ್ಲಿಲ್ಲ. ಮಳೆಯನ್ನು ತಡೆಯುವುದು ಯಾರ ಕೈಯಲ್ಲಿಯೂ ಇಲ್ಲ. ಆದರೆ ಹೊಲಕ್ಕೂ ಪೇಟೆಗೂ ನಡುವೆ ಸೋರುವುದರಲ್ಲಿ ಅರ್ಧದಷ್ಟನ್ನಾದರೂ ತಡೆಯುವುದು ಮನುಷ್ಯರ ಕೈಯಲ್ಲಿದೆ ಎಂಬುದು ಆ ದಿನ ನಮಗೆ ಸ್ಪಷ್ಟವಾಯಿತು.

2019ರಲ್ಲಿ ಅತಿವೃಷ್ಟಿಯಾಗಿ ಬೆಳೆಯೇ ಕೈಗೆ ಸರಿಯಾಗಿ ಹತ್ತಲಿಲ್ಲ. ಬೆಲೆ ಮಾತ್ರ ಮುಗಿಲು ಮುಟ್ಟಿತು. 2020ರದು ಕೊರೋನಾದ ವರ್ಷ. ಹೀಗಾಗಿ ನಮ್ಮ ಪ್ರಯತ್ನ ನಿಜವಾಗಿ ಮೊದಲಾದುದು 2021ರಲ್ಲಿ. ಒಂದೇ ಓಣಿಯ ಐದು ಮನೆಗಳವರು ಕೂಡಿದೆವು. ಯಾವ ಸಂಘವನ್ನೂ ನೋಂದಾಯಿಸಲಿಲ್ಲ, ಯಾವ ಬೋರ್ಡನ್ನೂ ಹಾಕಲಿಲ್ಲ. ಕೂಡಿ ಹೇರುವುದು, ಕೂಡಿ ವಿಚಾರಿಸುವುದು, ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುವುದು ಎಂಬ ಮೂರು ಮಾತುಗಳಿಗೆ ಮಾತ್ರ ಒಪ್ಪಿದೆವು.

ಮೊದಲು ಕೈ ಹಾಕಿದುದು ಒಣಗಿಸುವ ಮತ್ತು ಆರಿಸುವ ಕೆಲಸಕ್ಕೆ. ಇದು ಹೆಂಗಸರ ಕೆಲಸ; ಸಾಗಾಣಿಕೆಯ ಮಾತು ಬಂದಾಗ ಲಾರಿ, ರಸ್ತೆ ಎಂದು ಮಾತನಾಡುವವರು ಇದನ್ನು ಮರೆತುಬಿಡುತ್ತಾರೆ. ಕಿತ್ತ ಗಡ್ಡೆಯನ್ನು ಕೂಡಲೇ ಚೀಲಕ್ಕೆ ತುಂಬಬಾರದು. ಸಾಲಾಗಿ ಹಾಸಿ, ಒಂದು ಸಾಲಿನ ತಪ್ಪಲು ಇನ್ನೊಂದು ಸಾಲಿನ ಗಡ್ಡೆಯನ್ನು ಮುಚ್ಚುವಂತೆ ಇಟ್ಟು ಕೆಲವು ದಿನ ಹೊಲದಲ್ಲಿಯೇ ಆರಲು ಬಿಡಬೇಕು. ಗಡ್ಡೆಗೆ ಗಾಳಿ ತಾಗಬೇಕು, ಸುಡುಬಿಸಿಲು ತಾಗಬಾರದು. ಕುತ್ತಿಗೆ ಒಣಗಿದ ಮೇಲೆ ಒಂದು ಬೆರಳಗಲ ಬಿಟ್ಟು ಕೊಯ್ಯಬೇಕು. ತೀರ ಬುಡಕ್ಕೆ ಕೊಯ್ದರೆ ಅದೇ ಗಾಯವಾಗಿ ಕೊಳೆ ಹತ್ತುತ್ತದೆ. ಮುಂದಿನದು ಆರಿಸುವುದು. ದಪ್ಪ ಗಡ್ಡೆ ಬೇರೆ, ನಡುತರದ್ದು ಬೇರೆ, ಸಣ್ಣದು ಬೇರೆ, ಜೋಡುಗಡ್ಡೆ ಮತ್ತು ಪೆಟ್ಟು ತಿಂದುದು ಬೇರೆ. ಹಿಂದೆ ಎಲ್ಲವನ್ನೂ ಬೆರೆಸಿ ತುಂಬುತ್ತಿದ್ದರು. ದಲಾಲರ ಅಂಗಡಿಯಲ್ಲಿ ಚೀಲ ಸುರುವಿದಾಗ ಕೊಳ್ಳುವವನ ಕಣ್ಣು ಬೀಳುವುದು ಸಣ್ಣ ಗಡ್ಡೆಯ ಮೇಲೆಯೇ. ಸವಾಲು ಅಲ್ಲಿಂದಲೇ ಮೊದಲಾಗುತ್ತದೆ. ಅದಲ್ಲದೆ ಅರವತ್ತು ಚೀಲಗಳಲ್ಲಿ ಎಂಟು ಹತ್ತು ಚೀಲದಷ್ಟು ಮಾಲು ಬೆಂಗಳೂರಿನವರೆಗೆ ಹೋಗಲು ಯೋಗ್ಯವೇ ಇರುವುದಿಲ್ಲ. ಮಾರಾಟವಾಗದ ಮಾಲಿಗೆ ನಾಲ್ಕು ನೂರು ಕಿಲೋಮೀಟರಿನ ಬಾಡಿಗೆ ಕೊಡುವುದೇಕೆ? ಅದನ್ನು ಸುತ್ತಲಿನ ವಾರದ ಸಂತೆಗಳಲ್ಲಿಯೇ ಮಾರಿದೆವು. ಬಂದ ಹಣ ಕಡಿಮೆಯೆನ್ನಿ. ಆದರೆ ಬಾಡಿಗೆಯಾದರೂ ಉಳಿಯಿತು.

ಎರಡನೆಯದು ಹೊಲದ ದಾರಿ. ಎರೆಮಣ್ಣಿನ ಗುಣ ಬಲ್ಲವರೇ ಬಲ್ಲರು. ಒಣಗಿದಾಗ ಬಂಡಿಯ ಗಾಲಿ ಹೂಳುವಷ್ಟು ಬಿರುಕು, ತೊಯ್ದಾಗ ಎತ್ತಿನ ಕಾಲು ಕೀಳಲಾಗದಷ್ಟು ಅಂಟು. ನಮ್ಮ ಹೊಲದಿಂದ ಡಾಂಬರು ರಸ್ತೆಗೆ ಇರುವ ದೂರ ಒಂದೂವರೆ ಕಿಲೋಮೀಟರಿಗಿಂತ ಕಡಿಮೆ. ಅಷ್ಟಕ್ಕೆ 1,500 ರೂಪಾಯಿ ತೆತ್ತದ್ದು ಆಗಲೇ ಹೇಳಿದೆನಷ್ಟೆ. ಬೆಂಗಳೂರಿನವರೆಗೆ ಲಾರಿ ತೆಗೆದುಕೊಂಡ ಬಾಡಿಗೆಯ ಕಾಲು ಭಾಗಕ್ಕಿಂತ ಹೆಚ್ಚು ಈ ಒಂದೂವರೆ ಕಿಲೋಮೀಟರಿಗೇ ಹೋಗಿತ್ತು! 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಿಂದ ಹಳ್ಳಿ ಹಳ್ಳಿಗೆ ರಸ್ತೆ ಬಂದಿತು, ಅದು ದೊಡ್ಡ ಉಪಕಾರವೇ ಸರಿ. ಆದರೆ ಹಳ್ಳಿಯವರೆಗೆ ಬಂದ ರಸ್ತೆ ಹೊಲದವರೆಗೆ ಬಂದಿರಲಿಲ್ಲ. ಐದೂ ಮನೆಯವರು ಪಂಚಾಯತಿಗೆ ಅರ್ಜಿ ಕೊಟ್ಟು, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಉದ್ಯೋಗ ಖಾತ್ರಿಯ ಕೆಲಸದಲ್ಲಿ ಆ ದಾರಿಗೆ ಮೊರಮು ಹಾಕಿಸಿಕೊಂಡೆವು. ದಾರಿಯ ಅಗಲಕ್ಕಾಗಿ ಇಬ್ಬರು ತಮ್ಮ ಬದುವಿನಿಂದ ಎರಡೆರಡು ಮೊಳ ಬಿಟ್ಟುಕೊಡಬೇಕಾಯಿತು. ಸರಕಾರದಿಂದ ಹಣ ತರುವುದಕ್ಕಿಂತ ಆ ಎರಡು ಮೊಳವನ್ನು ಬಿಡಿಸುವುದೇ ಕಷ್ಟದ ಕೆಲಸವಾಗಿತ್ತೆಂದು ಹೇಳಿದರೆ ಹಳ್ಳಿಯಲ್ಲಿ ಬಾಳಿದವರು ಒಪ್ಪುತ್ತಾರೆ.

ಮೂರನೆಯದು ಲಾರಿ ಮತ್ತು ಸಮಾಚಾರ. ಒಬ್ಬನ 60 ಚೀಲಕ್ಕೆ ಲಾರಿ ಕಾಯಿಸುತ್ತದೆ; ಐದು ಮನೆಯ 200 ಚೀಲವಿದ್ದರೆ ಲಾರಿಯೇ ಬಂದು ಕಾಯುತ್ತದೆ. ಕೀಳುವ ದಿನಗಳನ್ನು ಮನೆಯಿಂದ ಮನೆಗೆ ಹೊಂದಿಸಿಕೊಂಡು, ಒಂದೇ ದಿನ ಲಾರಿ ತುಂಬುವಂತೆ ಮಾಡಿದೆವು. ರಸ್ತೆಯ ಪಕ್ಕದ ಎರಡು ದಿನದ ಕಾಯುವಿಕೆ ತಪ್ಪಿತು. ಬಾಡಿಗೆ ಚೀಲಕ್ಕೆ 90 ಇದ್ದುದು, ಡೀಸೆಲ್ ಬೆಲೆ ಏರಿದ್ದರೂ, 85ಕ್ಕೆ ಇಳಿಯಿತು. ಹೇರುವ ಮುನ್ನ ಮಗನು ಗದಗ, ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು ಪೇಟೆಗಳ ಬೆಲೆಯನ್ನು ಮೊಬೈಲಿನಲ್ಲಿ ನೋಡುತ್ತಾನೆ. ಬೆಲೆಯೊಂದನ್ನೇ ನೋಡಿದರೆ ಸಾಲದು, ಆವಕ ಎಷ್ಟು ಎಂಬುದನ್ನೂ ನೋಡಬೇಕು. ನಿನ್ನೆ ಬೆಲೆ ಹೆಚ್ಚಿದ್ದ ಪೇಟೆಗೆ ಇಂದು ಎಲ್ಲ ಕಡೆಯ ಲಾರಿಗಳೂ ಓಡುತ್ತವೆ. ನಾಳೆ ಅಲ್ಲಿ ಚೀಲ ಇಳಿಸಲು ಜಾಗವಿರುವುದಿಲ್ಲ. ಹಲವು ಸಲ ಬೆಂಗಳೂರಿನಲ್ಲಿ ನೂರು ರೂಪಾಯಿ ಹೆಚ್ಚಿಗೆ ಸಿಕ್ಕರೂ ಬಾಡಿಗೆ ಕಳೆದರೆ ಹುಬ್ಬಳ್ಳಿಯೇ ಲೇಸಾಗುತ್ತದೆ. ನಮ್ಮ ರಾಜ್ಯದಲ್ಲಿ 2014ರಿಂದ ಮಾರುಕಟ್ಟೆಗಳನ್ನು ಗಣಕಯಂತ್ರದ ಮೂಲಕ ಜೋಡಿಸುವ ಕೆಲಸ ನಡೆಯಿತು. ಕೇಂದ್ರದ ಇ-ನಾಮ್ 2016ರ ಏಪ್ರಿಲ್ 14ರಂದು ಆರಂಭವಾಯಿತು. ದೂರದ ವ್ಯಾಪಾರಿ ಕುಳಿತಲ್ಲಿಂದಲೇ ಬೆಲೆ ಹೇಳಬಹುದೆಂಬುದು ಇದರ ಸೊಗಸು. ಆದರೆ ಬೆಲೆ ಹೇಳಿದವನಿಗೆ ಮಾಲಿನ ಗುಣದ ಬಗ್ಗೆ ನಂಬಿಕೆ ಬರಬೇಕಾದರೆ ಅದನ್ನು ಮೊದಲೇ ಆರಿಸಿ ಬೇರ್ಪಡಿಸಿರಬೇಕು. ಯಂತ್ರ ಎಷ್ಟೇ ಚುರುಕಾಗಿದ್ದರೂ ಅದರ ಬೇರು ಹೊಲದಲ್ಲಿ ಕುಡುಗೋಲು ಹಿಡಿದು ಕುಳಿತ ಹೆಣ್ಣುಮಗಳ ಕೈಯಲ್ಲಿಯೇ ಇದೆ.

ನಾಲ್ಕನೆಯದು ಸಂಗ್ರಹ. ತೋಟಗಾರಿಕೆ ಇಲಾಖೆಯ ಸಹಾಯಧನ ಪಡೆದು ಐದು ಮನೆಯವರ ಪೈಕಿ ಇಬ್ಬರು ಉಳ್ಳಾಗಡ್ಡಿ ಶೆಡ್ ಕಟ್ಟಿಸಿದರು. ನೆಲದಿಂದ ಎರಡಡಿ ಎತ್ತರದ ಹಂದರ, ಕೆಳಗೂ ಪಕ್ಕಕ್ಕೂ ಸಂದು ಬಿಟ್ಟ ಪಟ್ಟಿಗಳು, ಮೇಲೆ ಮಳೆ ಒಳಗೆ ಸಿಡಿಯದಂತೆ ಚಾಚಿದ ಮಾಡು, ಅಷ್ಟೇ. ಗಾಳಿ ಎಲ್ಲ ಕಡೆಯಿಂದ ಆಡಬೇಕೆಂಬುದೇ ಇದರ ತತ್ತ್ವ. ಮುಂಗಾರಿ ಗಡ್ಡೆ ಇದರಲ್ಲಿಯೂ ಬಹುಕಾಲ ನಿಲ್ಲುವುದಿಲ್ಲವೆಂಬುದನ್ನು ಮರೆಮಾಚಬಾರದು. ನಮಗೆ ದೊರೆತುದು ನಾಲ್ಕೈದು ವಾರಗಳ ಬಿಡುವು ಮಾತ್ರ. ಆದರೆ ಪೇಟೆಯಲ್ಲಿ ನೂಕುನುಗ್ಗಲಿರುವಾಗ ನಾಲ್ಕು ವಾರ ಹೊರಗೆ ನಿಲ್ಲಬಲ್ಲವನ ಮಾತಿಗೂ, ಇಂದೇ ಮಾರಬೇಕಾದವನ ಮಾತಿಗೂ ಬಹಳ ಅಂತರವಿದೆ. ಕೇಂದ್ರ ಸರಕಾರದ ಕೊಯಿಲೋತ್ತರ ಸಂಶೋಧನಾ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ನಮ್ಮ ದೇಶದಲ್ಲಿ ಕೊಯಿಲಿನಿಂದ ಮಾರಾಟದವರೆಗೆ ಟೊಮೆಟೊ ಶೇಕಡಾ 12ಕ್ಕೂ ಹೆಚ್ಚು, ಪೇರಲ ಶೇಕಡಾ 15ಕ್ಕೂ ಹೆಚ್ಚು, ಉಳ್ಳಾಗಡ್ಡಿ ಶೇಕಡಾ 8ಕ್ಕೂ ಹೆಚ್ಚು ಹಾಳಾಗುತ್ತವೆ. ಇದು ಕೊಳೆತು ಹೋದುದರ ಲೆಕ್ಕ ಮಾತ್ರ. ಕೊಳೆತೀತೆಂಬ ಹೆದರಿಕೆಯಿಂದ ಅಗ್ಗಕ್ಕೆ ಮಾರಿದುದರ ಲೆಕ್ಕ ಇದರಲ್ಲಿ ಸೇರಿಲ್ಲ.

2022ರ ನವೆಂಬರ್ ನಮ್ಮ ಈ ಪ್ರಯತ್ನಕ್ಕೆ ನಿಜವಾದ ಪರೀಕ್ಷೆಯಾಗಿ ಬಂದಿತು. ಮಳೆಯಲ್ಲಿ ನೆನೆದ ಮಾಲಿಗೆ ಕೇಳುವವರಿರಲಿಲ್ಲ. ಚೆನ್ನಾಗಿ ಒಣಗಿದ ದಪ್ಪ ಗಡ್ಡೆಗೆ ಮಾತ್ರ ಆಗಲೂ ಬೆಲೆಯಿದ್ದುದನ್ನು ನಾವೇ ಕಂಡೆವು. ನಮ್ಮ ಮಾಲಿನಲ್ಲಿ ಮೂರರಲ್ಲಿ ಒಂದು ಪಾಲನ್ನು ಹೊಲದಲ್ಲಿಯೇ ಬಿಟ್ಟುಬಿಟ್ಟೆವು; ಉಳಿದುದರಲ್ಲಿ ಅರ್ಧವನ್ನು ಆಗಲೇ ಹುಬ್ಬಳ್ಳಿಗೆ ಕಳಿಸಿ ಇನ್ನರ್ಧವನ್ನು ಶೆಡ್ಡಿನಲ್ಲಿ ಇಟ್ಟೆವು. ಆ ವರ್ಷ ನಮಗೆ ಲಾಭವಾಯಿತೆಂದು ನಾನು ಬರೆಯಲಾರೆ. ಆದರೆ ಕೈಯಿಂದ ಹಾಕಬೇಕಾಗಿ ಬರಲಿಲ್ಲ. ಬ್ಯಾಂಕಿನಿಂದ ಬಿಡಿಸಿ ತಂದ ಪಾಟ್ಲಿಗಳು ಮನೆಯಲ್ಲಿಯೇ ಉಳಿದವು. ಕೆಟ್ಟ ವರ್ಷದಲ್ಲಿ ಮುಳುಗದೆ ಇರುವುದೇ ಒಕ್ಕಲುತನದ ಮೊದಲ ಗೆಲುವು.

ಇಷ್ಟು ಹೇಳಿದ ಮೇಲೆ, ಐದು ಮನೆಗಳ ಕೂಟದಿಂದ ಸಾಧ್ಯವಾಗದಿರುವುದನ್ನೂ ಹೇಳಬೇಕು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ನೋಡಿರಿ. 2011ರಲ್ಲಿ ಭೌಗೋಳಿಕ ಮನ್ನಣೆ ಪಡೆದ ಆ ಮೆಣಸಿನಕಾಯಿಯ ಬಣ್ಣ ಮಾಸದಂತೆ ಕಾಯಲು ಪಟ್ಟಣದ ಸುತ್ತಲೂ ಹಲವಾರು ಶೈತ್ಯಾಗಾರಗಳು ತಲೆಯೆತ್ತಿವೆ. ಕಟ್ಟಡವಿದ್ದ ಮಾತ್ರಕ್ಕೆ ಸಣ್ಣ ರೈತ ಅದರ ಲಾಭ ಪಡೆಯಲಾರ. ಬಾಡಿಗೆ ಕೊಟ್ಟು ಆರು ತಿಂಗಳು ಕಾಯುವ ಶಕ್ತಿ ಅವನಿಗೆ ಬೇಕಲ್ಲವೆ? ಉಗ್ರಾಣದ ರಶೀದಿಯ ಮೇಲೆ ಸಾಲ ಪಡೆಯಲು ಅನುವಾಗುವಂಥ ಕಾನೂನು 2007ರಲ್ಲಿ ಆಗಿದೆ. ಮಾರುಕಟ್ಟೆ ಸಮಿತಿಗಳ ಅಡಮಾನ ಸಾಲದ ವ್ಯವಸ್ಥೆಯೂ ಇದೆ. ಇವುಗಳನ್ನು ಬಳಸಿದವರು ನಮ್ಮ ಸುತ್ತಲಿನಲ್ಲಿ ಬೆರಳೆಣಿಕೆಯಷ್ಟು. ಮಾಲು ನಿಲ್ಲಲು ಜಾಗ, ಮನೆ ನಡೆಯಲು ಹಣ, ಇವೆರಡೂ ಒಟ್ಟಿಗೆ ಒದಗಿದರೆ ಮಾತ್ರ ರೈತ ಕಾಯಬಲ್ಲ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಅದು ಒಂಟಿಗಾಲಿಯ ಬಂಡಿ.

ಹಾಲಿನ ವಿಷಯದಲ್ಲಿ ನಮ್ಮ ರಾಜ್ಯ ಈ ಬಂಡಿಯನ್ನು ಎರಡೂ ಗಾಲಿಗಳ ಮೇಲೆ ನಡೆಸಿ ತೋರಿಸಿದೆ. 1970ರ ದಶಕದಲ್ಲಿ ಆನಂದದ ಮಾದರಿಯಲ್ಲಿ ಇಲ್ಲಿ ಹಾಲಿನ ಸಂಘಗಳು ಬೆಳೆದವು. ಹಳ್ಳಿಯ ಹೆಣ್ಣುಮಗಳು ಬೆಳಿಗ್ಗೆ ಎರಡು ಲೀಟರು ಹಾಲು ಒಯ್ದರೆ ಅಳತೆಯೂ, ಜಿಡ್ಡಿನ ಪರೀಕ್ಷೆಯೂ ಊರಲ್ಲಿಯೇ ಆಗುತ್ತದೆ. ಗೊತ್ತಾದ ವೇಳೆಗೆ ಗಾಡಿ ಬರುತ್ತದೆ. ಹಾಲಿಗೆ ಸಾಧ್ಯವಾದುದು ಉಳ್ಳಾಗಡ್ಡಿಗೆ ಏಕಾಗದು ಎಂದು ಮಗನು ಒಮ್ಮೆ ಕೇಳಿದ. ಕಷ್ಟವಿದೆ; ಹಾಲು ವರ್ಷವಿಡೀ ಪ್ರತಿದಿನ ಬರುತ್ತದೆ, ಉಳ್ಳಾಗಡ್ಡಿ ಒಂದೆರಡು ತಿಂಗಳಲ್ಲಿ ಹೊಳೆಯಂತೆ ಬರುತ್ತದೆ. ಆದರೆ ಊರಲ್ಲೇ ತೂಕ, ಊರಲ್ಲೇ ಗುಣದ ನಿರ್ಣಯ, ಗೊತ್ತಾದ ದಿನಕ್ಕೆ ಗಾಡಿ ಎಂಬ ಮೂರನ್ನಾದರೂ ಹಾಲಿನಿಂದ ಕಲಿಯಬಹುದು. ಪೇಟೆಗೆ ಹೋದ ಮೇಲೆ ತೂಗಿಸುವುದಕ್ಕೂ, ತೂಗಿಸಿಕೊಂಡು ಪೇಟೆಗೆ ಹೋಗುವುದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ಗದಗ ಸೀಮೆಯವರಾದ ನಮಗೆ ಕೂಡಿ ನಡೆಯುವ ಪಾಠವನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಏಷ್ಯಾದಲ್ಲಿಯೇ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರ ಸಂಘವನ್ನು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸ್ಥಾಪಿಸಿದುದು ನಮ್ಮ ಮಗ್ಗುಲಿನ ಕಣಗಿನಹಾಳದಲ್ಲಿ. ಸಾಗಾಣಿಕೆಯ ಪಾಠವೂ ಈ ನೆಲಕ್ಕೆ ಹೊಸದಲ್ಲ. 1876–78ರ ಭೀಕರ ಬರದಲ್ಲಿ ಎತ್ತುಗಳು ಸತ್ತು ಗಾಡಿಗಳಿಲ್ಲದೆ, ಧಾನ್ಯ ಒಂದೆಡೆ, ಹಸಿದವರು ಇನ್ನೊಂದೆಡೆ ಎಂಬಂತಾಗಿತ್ತು. ಆ ಅನುಭವದ ನಂತರವೇ ದಕ್ಷಿಣ ಮರಾಠಾ ರೈಲ್ವೆಯ ಯೋಜನೆ ಕೈಗೂಡಿ, 1884ರಲ್ಲಿ ಹೋಟಗಿಯಿಂದ ಗದಗಿನವರೆಗೆ ರೈಲು ಬಂದಿತು. 2020ರ ಆಗಸ್ಟಿನಲ್ಲಿ ಹಣ್ಣು ತರಕಾರಿಗಳಿಗಾಗಿ ಕಿಸಾನ್ ರೈಲುಗಳು ಆರಂಭವಾಗಿ, ಬಾಡಿಗೆಯಲ್ಲಿ ಅರ್ಧದಷ್ಟು ರಿಯಾಯಿತಿ ದೊರೆತಾಗ ನಾವೂ ಆಸೆಪಟ್ಟೆವು. ಆದರೆ ರೈಲು ಹತ್ತಿಸಲು ಒಂದೇ ಕಡೆ, ಒಂದೇ ದಿನ, ಒಂದೇ ತರದ ದೊಡ್ಡ ಮೊತ್ತದ ಮಾಲು ಬೇಕು. ಐದು ಮನೆ ಸಾಲದು, ಐವತ್ತು ಊರು ಕೂಡಬೇಕು. ರೈತ ಉತ್ಪಾದಕರ ಕಂಪನಿಗಳ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಲೆಕ್ಕವನ್ನು ಎಲ್ಲರ ಮುಂದೆ ತೆರೆದಿಡುವ ಕಂಪನಿ ಉಳಿಯುತ್ತದೆ, ಮುಚ್ಚಿಡುವುದು ಮುಚ್ಚುತ್ತದೆ ಎಂಬುದು ನನ್ನ ಅನುಭವದ ಮಾತು.

ಪಟ್ಟಣವಾಸಿಗಳಾದ ಬಂಧುಗಳಿಗೂ ಒಂದು ವಿನಂತಿ. ಎರಡು ವರ್ಷಗಳಿಂದ ಹುಬ್ಬಳ್ಳಿ ಧಾರವಾಡಗಳಲ್ಲಿರುವ ನಮ್ಮ ಬೀಗರು ಬಿಜ್ಜರು, ಅವರ ನೆರೆಹೊರೆಯವರು ಸೇರಿ ನಾಲ್ವತ್ತು ಮನೆಯವರು ದೀಪಾವಳಿಯ ಬಳಿಕ ತಲಾ ಒಂದೊಂದು ಚೀಲವನ್ನು ನಮ್ಮಿಂದ ನೇರವಾಗಿ ಕೊಳ್ಳುತ್ತಿದ್ದಾರೆ. ನಮ್ಮ ಒಟ್ಟು ಮಾಲಿನಲ್ಲಿ ಇದು ಸಣ್ಣ ಪಾಲು. ಇದರಿಂದ ಪೇಟೆಯ ಬೆಲೆ ಏರುವುದಿಲ್ಲ. ಆದರೆ ಕೊಂಡವರಿಗೆ ಅಂಗಡಿಗಿಂತ ಅಗ್ಗ, ಕೊಟ್ಟವರಿಗೆ ಪೇಟೆಗಿಂತ ಹೆಚ್ಚು. ಮನೆಯಲ್ಲಿ ಗಾಳಿಯಾಡುವ ಮೂಲೆಯೊಂದರಲ್ಲಿ ಜಾಳಿಗೆಯ ಚೀಲ ತೂಗುಹಾಕಿದರೆ ಒಂದು ತಿಂಗಳ ಚಿಂತೆಯಿಲ್ಲ. ನಿಮ್ಮ ಊರಿನ, ನಿಮ್ಮ ತವರಿನ ಯಾರಾದರೂ ಬೆಳೆಯುತ್ತಿದ್ದರೆ ಕೇಳಿನೋಡಿರಿ. ಲಗ್ನ, ಜಾತ್ರೆ, ಪ್ರಸಾದಗಳಿಗೆ ದೊಡ್ಡ ಅಡುಗೆ ಮಾಡುವವರು ಪೇಟೆಗೆ ಹೋಗುವ ಮುಂಚೆ ಹೊಲದ ಕಡೆ ಒಮ್ಮೆ ಹೊರಳಿ ನೋಡಲಿ.

ಹಳ್ಳಿಯ ಗೃಹಿಣಿಯರಿಗೆ ಹೇಳುವುದಿಷ್ಟು: ಲೆಕ್ಕದ ಪುಸ್ತಕವನ್ನು ನೀವು ಹಿಡಿಯಿರಿ. ಬೆಲೆ ಎಷ್ಟು ಬಂತು ಎಂದು ಕೇಳುವುದಕ್ಕಿಂತ, ನೂರು ರೂಪಾಯಿಯಲ್ಲಿ ಮನೆಗೆ ಎಷ್ಟು ಬಂತು ಎಂದು ಕೇಳಿರಿ. ಚೀಲ, ಬಾಡಿಗೆ, ಹಮಾಲಿ, ದಲಾಲಿ ಒಂದೊಂದನ್ನೂ ಬೇರೆ ಬೇರೆ ಬರೆಯಿರಿ. ಯಾವುದು ಎಲ್ಲಿ ಸೋರುತ್ತಿದೆಯೆಂಬುದು ಎರಡೇ ವರ್ಷದಲ್ಲಿ ಕಾಣುತ್ತದೆ. ಕಂಡ ಸೋರಿಕೆಯನ್ನು ಮುಚ್ಚಲು ಐದು ಮನೆ ಸಾಕೋ, ಊರೇ ಬೇಕೋ, ಸರಕಾರವೇ ಬರಬೇಕೋ ಎಂಬುದು ಆಮೇಲಿನ ಮಾತು.

ನಮ್ಮ ದೊಡ್ಡ ಮಗ ಬೆಂಗಳೂರಿಗೆ ಹೋಗಲಿಲ್ಲ. ಹಾಗೆಂದು ಅವನು ಹೊಲವನ್ನೇ ನಂಬಿ ನಿಶ್ಚಿಂತನಾಗಿದ್ದಾನೆಂದೂ ಅಲ್ಲ. ಪ್ರತಿವರ್ಷ ಬಿತ್ತುವ ಮುನ್ನ, “ಈ ವರ್ಷ ಒಂದ ನೋಡೋಣವ್ವಾ” ಎನ್ನುತ್ತಾನೆ. ಇತ್ತೀಚೆಗೆ ಉಳ್ಳಾಗಡ್ಡಿಯನ್ನು ಎಲ್ಲ ಹೊಲಕ್ಕೂ ಬಿತ್ತದೆ, ಅರ್ಧಕ್ಕೆ ಬಿತ್ತಿ ಇನ್ನರ್ಧಕ್ಕೆ ಹೆಸರನ್ನೂ ಗೋವಿನಜೋಳವನ್ನೂ ಹಾಕುತ್ತಿದ್ದಾನೆ. ಮೂರು ಮಾಲುಗಳು ಮೂರು ಬೇರೆ ಬೇರೆ ಕಾಲಕ್ಕೆ ಪೇಟೆಗೆ ಹೋಗುತ್ತವೆ. ಲಾರಿಯ ಮುಂದೆ ಒಮ್ಮೆಲೆ ಕೈಚಾಚಿ ನಿಲ್ಲಬೇಕಾಗಿಲ್ಲ. ಇದನ್ನು ಅವನಿಗೆ ಯಾರೂ ಹೇಳಿಕೊಡಲಿಲ್ಲ. ಪುಸ್ತಕದಲ್ಲಿ ಹೋದುದರ ಪುಟಗಳನ್ನು ಓದುತ್ತ ಓದುತ್ತ ತಾನೇ ಕಂಡುಕೊಂಡ.